ಗೋಡೆಯಾಚೆಯ ಗಿರಾಕಿಗಳು

ಓಣಿಯ ಬಾಯಿಗೆ ಅಡ್ಡಗಂಬ ಬಿದ್ದಿದೆ ಎಂಬುದು ಅಕ್ಕನಿಗೆ ಗೊತ್ತಾದದ್ದು ಮಧ್ಯಾಹ್ನದ ಹೊತ್ತಿಗೆ. ಬೆಳಗಿನಿಂದ ಒಬ್ಬ ಗಿರಾಕಿಯೂ ತೋಟದ ಅಂಗಡಿಗೆ ಬಂದಿರಲಿಲ್ಲ. ಪ್ಲಮ್ ಹಣ್ಣಿನ ಸುಗ್ಗಿ, ಅದೂ ರಜೆಯ ದಿನ. ಬೇರೆ ವರ್ಷವಾಗಿದ್ದರೆ ಇಷ್ಟು ಹೊತ್ತಿಗೆ ತಕ್ಕಡಿಗೆ ಉಸಿರಾಡಲೂ ಬಿಡುವಿರುತ್ತಿರಲಿಲ್ಲ. ಕೆಂಪಗೆ ಕಳಿತ ಹಣ್ಣುಗಳು ಬುಟ್ಟಿಯಲ್ಲಿ ಕೂತು ಜೇನುಹುಳುಗಳನ್ನು ಕರೆಯುತ್ತಿದ್ದವು, ಅಷ್ಟೇ.

ಅಕ್ಕ ಕೈ ಒರೆಸಿಕೊಂಡು ಓಣಿಯುದ್ದಕ್ಕೂ ನಡೆದು ಹೋಗಿ ನೋಡಿದಳು. ಓಣಿ ಹೊಸ ಬಡಾವಣೆಯ ರಸ್ತೆಗೆ ಸೇರುವ ಕಡೆ ಕೆಂಪು ಬಿಳಿ ಪಟ್ಟೆಯ ಕಂಬವೊಂದು ಅಡ್ಡ ಮಲಗಿತ್ತು. ಪಕ್ಕದಲ್ಲಿ ಒಂದು ತಗಡಿನ ಗೂಡು, ಗೂಡಿನಲ್ಲಿ ಇಸ್ತ್ರಿಯ ಗೆರೆ ಇನ್ನೂ ಮಾಸದ ಅಂಗಿಯ ಕಾವಲುಗಾರ. ಕಂಬದಾಚೆ ಬೇಕರಿಯವನು ಖಾಲಿ ಬುಟ್ಟಿ ಹಿಡಿದು ಅವನ ಮೇಲೆ ಕೂಗಾಡುತ್ತಿದ್ದ.

"ಏನಪ್ಪಾ ಇದು?" ಅಂದಳು ಅಕ್ಕ.

"ಹೊರಗಿನವರನ್ನ ಬಿಡಬಾರದು ಅಂತ ಹೇಳಿದ್ದಾರಮ್ಮ."

"ಇವರು ಹೊರಗಿನವರಲ್ಲ, ನಮ್ಮ ಅಂಗಡಿಗೆ ಬರೋರು. ನಾನ್ಯಾರು ಗೊತ್ತಾ?"

"ಗೊತ್ತಿಲ್ಲಮ್ಮ. ನಾನು ಕೆಲಸಕ್ಕೆ ಸೇರಿದ್ದೇ ಇವತ್ತು."

ಬೇಕರಿಯವನಿಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. ಕಂಬದ ಕೆಳಗಿಂದ ಬುಟ್ಟಿ ಇಸಕೊಂಡು, ತೋಟಕ್ಕೆ ಹೋಗಿ ತುಂಬಿ ತಂದು, ಕಂಬದ ಕೆಳಗಿಂದಲೇ ಅವನಿಗೆ ಕೊಟ್ಟಳು. ಕಾವಲುಗಾರ ಆಕಾಶ ನೋಡುತ್ತಾ ನಿಂತ.

ಊರಿಗೆಲ್ಲ ಅವಳು ಬಾದಾಮಿ ಅಕ್ಕ. ಅವಳ ತಾತ ನೆಟ್ಟದ್ದು ಅಕ್ರೋಟಿನ ಮರಗಳು. ಅಪ್ಪ ನೆಟ್ಟದ್ದು ಬಾದಾಮಿ ಮತ್ತು ಅಂಜೂರ. ಪ್ಲಮ್ ಅವಳೂ ಅವಳ ತಮ್ಮನೂ ಸೇರಿ ಹಾಕಿದ್ದು. ಹಿಂದೆಲ್ಲ ಇಡೀ ಫಸಲು ಮಂಡಿಗೆ ಹೋಗುತ್ತಿತ್ತು. ಮಂಡಿಯವರಿಗೆ ಹಣ್ಣು ದೂರದ ಊರುಗಳಿಗೆ ಗಟ್ಟಿಯಾಗಿ ತಲುಪಬೇಕು, ಹಾಗಾಗಿ ಹಸಿರಿದ್ದಾಗಲೇ ಕೀಳಬೇಕು. ಅಕ್ಕ ಗಂಡನ ಮನೆ ಬಿಟ್ಟು ಬಂದ ವರ್ಷ, ತೋಟದ ಗೇಟಿನ ಬಳಿ ಎರಡು ಪೀಪಾಯಿಗಳ ಮೇಲೆ ಒಂದು ಹಲಗೆ ಇಟ್ಟು, ಮರದಲ್ಲೇ ಹಣ್ಣಾದದ್ದನ್ನು ಮಾತ್ರ ಮಾರಲು ಕೂತಳು. ಜನ ಮೊದಲು ಹಣ್ಣಿಗೆ ಬಂದರು, ಆಮೇಲೆ ಹುರಿದ ಬಾದಾಮಿಗೆ ಬಂದರು, ಕೊನೆಗೆ ಮರದ ನೆರಳಲ್ಲಿ ಕೂತು ಹೋಗುವುದಕ್ಕೂ ಬರತೊಡಗಿದರು. ಹಲಗೆ ಹೋಗಿ ಕೋಣೆಯಾಯಿತು, ಕೋಣೆಗೆ ಜಗಲಿಯಾಯಿತು. ತಮ್ಮನ ಮಗಳು ಪುಟ್ಟಿ ಓದು ಮುಗಿಸಿ ಬಂದು ಹುರಿಯುವ ಒಲೆಯ ಉಸ್ತುವಾರಿ ವಹಿಸಿಕೊಂಡಳು. ಈಗ ಅವಳಿಗೆ ಪುಟ್ಟಿ ಅನ್ನುವ ವಯಸ್ಸಲ್ಲ, ಆದರೆ ಆ ಮನೆಯಲ್ಲಿ ಒಮ್ಮೆ ಅಂಟಿದ ಹೆಸರು ಅಕ್ರೋಟಿನ ಸಿಪ್ಪೆಯ ಕಲೆಯಿದ್ದಂತೆ, ತಿಕ್ಕಿದರೂ ಹೋಗುವುದಿಲ್ಲ.

ಪಕ್ಕದ ತೋಟದವರು ಜಮೀನು ಮಾರಿದ ಮೇಲೆ ಅಲ್ಲಿ ಮನೆಗಳೆದ್ದಿದ್ದವು. ಓಣಿ ಹಾದುಹೋಗುವುದು ಆ ನೆಲದಲ್ಲಿ. ಮಾರನೆಯ ದಿನ ಬಡಾವಣೆಯ ಅಧ್ಯಕ್ಷರು ತಾವಾಗಿಯೇ ಮನೆಗೆ ಬಂದರು. ಬೆಣ್ಣೆಯಲ್ಲಿನ ಕೂದಲು ತೆಗೆದಂತೆ ಮಾತಾಡುವ ಮನುಷ್ಯ.

"ನೋಡೀಮ್ಮಾ, ನಿಮ್ಮ ಮನೆಯವರು ಓಡಾಡೋಕೆ ನಮ್ಮದೇನೂ ಅಡ್ಡಿ ಇಲ್ಲ. ಅದು ನಿಮ್ಮ ಹಕ್ಕು. ಆದ್ರೆ ದಿನಾ ಇಷ್ಟೊಂದು ಗಾಡಿ, ಧೂಳು, ಗಲಾಟೆ... ನಮ್ಮ ಜನ ಶಾಂತಿ ಬೇಕು ಅಂತಲೇ ಇಲ್ಲಿ ಮನೆ ಮಾಡಿರೋದು."

"ನಮ್ಮ ಅಂಗಡಿ ಇರೋದು ನೋಡಿಕೊಂಡೇ ಮನೆ ಮಾಡಿದ್ರಲ್ಲ ಸಾರ್?"

"ಹೌದು, ಹೌದು. ಅದಕ್ಕೇ ಒಂದು ದಾರಿ ಯೋಚಿಸಿದ್ದೀನಿ. ವಾರಕ್ಕೊಂದು ಸಲ ಹಣ್ಣನ್ನ ನಮ್ಮ ಕ್ಲಬ್ಬಿಗೆ ತಂದಿಡಿ. ನಮ್ಮವರೇ ಕೊಳ್ತಾರೆ. ನೀವು ಬಿಸಿಲಲ್ಲಿ ಕೂರೋ ಕಷ್ಟವೂ ತಪ್ಪುತ್ತೆ."

"ಉಳಿದವರು?"

"ಉಳಿದವರಿಗೆ ಪೇಟೆ ಇದೆಯಲ್ಲ."

ಅಕ್ಕ ಎದ್ದು ನಿಂತಳು. "ನಮ್ಮ ತಾತ ಸಸಿ ನೆಟ್ಟಾಗ ಇದು ಇಂಥವರಿಗೆ ಅಂತ ಬೋರ್ಡು ಹಾಕಿರಲಿಲ್ಲ ಸಾರ್. ನಾನೂ ಹಾಕಲ್ಲ. ಕಾಫಿ ಕುಡಿದು ಹೋಗಿ."

ಅಧ್ಯಕ್ಷರು ಕಾಫಿ ಕುಡಿದೇ ಹೋದರು. ಕಂಬ ಅಲ್ಲೇ ಉಳಿಯಿತು.

ವಕೀಲರ ಬಳಿ ಹೋಗಿ ಬಂದ ತಮ್ಮ ಚಪ್ಪಲಿ ಬಿಡುತ್ತಲೇ ಹೇಳಿದ, "ಕೇಸು ಹಾಕಬಹುದಂತೆ. ಆದ್ರೆ ಅದು ಮುಗಿಯೋ ಹೊತ್ತಿಗೆ ಪುಟ್ಟಿ ಅಜ್ಜಿ ಆಗಿರ್ತಾಳಂತೆ."

"ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ," ಅಂದ ಅಪ್ಪ ಮೂಲೆಯ ಕುರ್ಚಿಯಿಂದ.

"ಅದಕ್ಕೇ ಮಂಡಿಯವನ ಹತ್ತಿರ ಮಾತಾಡಿದ್ದೀನಿ," ಅಂದ ತಮ್ಮ, ಅಕ್ಕನ ಮುಖ ನೋಡದೆ. "ಮನೆಯವರ ಲಾರಿ ಅಂದ್ರೆ ಓಣೀಲಿ ಬಿಡ್ತಾರೆ. ಎಲ್ಲಾ ಒಟ್ಟಿಗೆ ಕೊಟ್ಟುಬಿಡೋಣ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಮುರಿಯೋದು ನನ್ನ ಸೊಂಟ ಕಣೋ! ಯಾರನ್ನ ಕೇಳಿ ಮಾತು ಕೊಟ್ಟೆ?"

"ಮಾತು ಕೊಟ್ಟಿಲ್ಲಕ್ಕ, ಮಾತಾಡಿದ್ದೀನಿ. ಬೇರೆ ದಾರಿ ಎಲ್ಲಿದೆ ಹೇಳು."

ಅಕ್ಕ ಕಿಟಕಿಯಾಚೆ ಕೈ ತೋರಿಸಿದಳು. ತೋಟದ ಹಿಂಬದಿಯಲ್ಲಿ ಅಂಜೂರದ ಸಾಲು ಮುಗಿಯುವಲ್ಲಿ ಒಂದು ಕಲ್ಲಿನ ಗೋಡೆ. ಅದರಾಚೆ ಬಸ್ಸು ಓಡುವ ರಸ್ತೆ. ಗೋಡೆಗೆ ಒಂದು ಬಾಗಿಲು ಮಾಡಿದರೆ ಸಾಕು, ಯಾರ ಓಣಿಯ ಹಂಗೂ ಬೇಕಿಲ್ಲ.

ಎಲ್ಲರೂ ಅಪ್ಪನ ಕಡೆ ನೋಡಿದರು.

"ನಾನು ಬದುಕಿರೋ ತನಕ," ಅಂದ ಅಪ್ಪ, "ಆ ಗೋಡೆಯ ಒಂದು ಕಲ್ಲು ಅಲುಗಾಡಬಾರದು."

ಅಪ್ಪ ಹುಡುಗನಾಗಿದ್ದಾಗ ಒಂದು ಕೆಟ್ಟ ಚಳಿಗಾಲದಲ್ಲಿ ಯಾರೋ ರಸ್ತೆಯ ಕಡೆಯಿಂದ ನುಗ್ಗಿ ಸೌದೆಗೆಂದು ಅರ್ಧಕ್ಕರ್ಧ ಅಕ್ರೋಟಿನ ಮರಗಳನ್ನು ಕಡಿದು ಒಯ್ದಿದ್ದರು. ವರ್ಷಗಟ್ಟಲೆ ಕಾದು, ಆಗಷ್ಟೇ ಕಾಯಿ ಬಿಡಲು ಶುರುಮಾಡಿದ್ದ ಮರಗಳು. ತನ್ನ ಅಪ್ಪ ಬೊಡ್ಡೆಗಳ ನಡುವೆ ಕೂತು ಅತ್ತದ್ದನ್ನು ಆ ಹುಡುಗ ನೋಡಿದ್ದ. ಆಮೇಲೆ ಹೊಳೆದಂಡೆಯಿಂದ ಕಲ್ಲು ಹೊತ್ತು ತಂದು, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ, ಆಳೆತ್ತರಕ್ಕೂ ಮಿಗಿಲಾಗಿ ಆ ಗೋಡೆಯನ್ನು ಎಬ್ಬಿಸಿದ್ದ. ಅವನು ಮದುವೆಯಾದದ್ದು ಗೋಡೆ ಮುಗಿದ ಮೇಲೆಯೇ. ಅದರಲ್ಲಿ ಒಂದು ಕಿಂಡಿಯನ್ನೂ ಅವನು ಬಿಟ್ಟಿರಲಿಲ್ಲ.

"ಅಪ್ಪ, ಕಳ್ಳರು ಬರಬಾರದು ಅಂತ ಕಟ್ಟಿದ ಗೋಡೆ, ಈಗ ಗಿರಾಕಿಗಳನ್ನ ತಡೀತಿದೆ," ಅಂದಳು ಅಕ್ಕ.

"ಆ ರಸ್ತೆಯವರೆಲ್ಲ ಒಂದೇ."

"ಆಗ ಕೊಡಲಿ ಹಿಡ್ಕೊಂಡು ಬಂದಿದ್ರು. ಈಗ ಬುಟ್ಟಿ ಹಿಡ್ಕೊಂಡು ನಿಂತಿದ್ದಾರೆ."

"ಹೇಳಿದ್ದು ಹೇಳಿ ಆಯ್ತು." ಅಪ್ಪ ಎದ್ದು ಹಿತ್ತಲಿಗೆ ಹೋದ. ಗೋಡೆಗೆ ಹೇಳಿದಂತಾಯಿತು ಅನ್ನುವ ಮಾತು ಆ ಮನೆಯಲ್ಲಿ ಬರಿಯ ಗಾದೆಯಾಗಿರಲಿಲ್ಲ.

ಅಂಜೂರ ಕಾಯುವ ಹಣ್ಣಲ್ಲ. ಇಂದು ಸರಿಯಾಗಿದ್ದದ್ದು ನಾಳೆ ಹುಳಿ, ನಾಡಿದ್ದು ಕಣಜದ ಹುಳುಗಳ ಪಾಲು. ಪ್ಲಮ್ ಮುಗಿಯುತ್ತಾ ಅಂಜೂರ ಮೆತ್ತಗಾಗತೊಡಗಿದಾಗ ದಾರಿ ಹುಡುಕಿದವಳು ಪುಟ್ಟಿ. "ಅತ್ತೆ, ಕಲ್ಲು ಅಲುಗಾಡಬಾರದು ಅಂದ ತಾತ. ಹಣ್ಣು ಹಾರಬಾರದು ಅಂತ ಹೇಳಿಲ್ಲವಲ್ಲ?"

ಹಣ್ಣು ಕೀಳುವ ಮೂರು ಕಾಲಿನ ಏಣಿಯನ್ನು ಗೋಡೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಅದು ತನ್ನ ಕಾಲ ಮೇಲೆ ತಾನೇ ನಿಲ್ಲುವಂಥದ್ದು, ಗೋಡೆಗೆ ಒರಗಿಸಬೇಕಿಲ್ಲ. ಅಪ್ಪ ಬಂದು ಸುತ್ತ ನೋಡಿದ, ಏಣಿಗೂ ಗೋಡೆಗೂ ನಡುವೆ ಕೈ ತೂರಿಸಿ ತಾಗುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದ. ಅಕ್ಕ ಏಣಿಯ ನೆತ್ತಿಯ ಮೇಲೆ ಕೂತು ರಸ್ತೆಯ ಕಡೆ ಕತ್ತು ಚಾಚಿದಳು. ಸರಿಯಾಗಿ ಕೆಳಗೇ ಬಸ್ ನಿಲ್ದಾಣ. ಬಸ್ಸಿಗೆ ಕಾಯುತ್ತಿದ್ದವರು ತಲೆಯೆತ್ತಿ ನೋಡಿದರೆ, ಗೋಡೆಯ ಮೇಲೆ ಬರೀ ಒಂದು ತಲೆ.

"ಅಂಜೂರ ಬೇಕಾ?" ಅಂತು ತಲೆ.

ಹಗ್ಗ ಕಟ್ಟಿದ ಬುಟ್ಟಿ ಕೆಳಗಿಳಿಯಿತು. ಮೊದಲು ನಕ್ಕರು, ಆಮೇಲೆ ಕೊಂಡರು. ಎರಡು ವಾರ ಕಳೆಯುವಷ್ಟರಲ್ಲಿ ಓಣಿಯ ಹಳೆಯ ಗಿರಾಕಿಗಳಿಗೂ ಸುದ್ದಿ ಮುಟ್ಟಿ ಅವರೂ ಈ ಕಡೆ ಬರತೊಡಗಿದರು. ಬೇಕರಿಯವನು ಎರಡೆರಡು ಬುಟ್ಟಿ ತಂದ. ಒಬ್ಬ ಟೀಚರಮ್ಮ ಹಣ್ಣು ಸರಿಯಿದೆಯೇ ಎಂದು ಒತ್ತಿ ನೋಡಬೇಕೆಂದು ಹಟ ಹಿಡಿದಾಗ, ಅಕ್ಕ "ಮೇಲೆ ಬನ್ನಿ, ಒತ್ತಿ" ಅಂದಳು. ಸುತ್ತಲಿನವರು ಹೊಟ್ಟೆ ಹಿಡಿದು ನಕ್ಕರು. ಪುಟ್ಟಿ ಗೋಡೆಯ ಹತ್ತಿರವೇ ಒಲೆ ಹೂಡಿ ಬಾದಾಮಿ ಹುರಿದಳು. ವಾಸನೆಗೆ ಏಣಿಯೂ ಬೇಕಿರಲಿಲ್ಲ, ಬುಟ್ಟಿಯೂ ಬೇಕಿರಲಿಲ್ಲ. ಬಸ್ ಕಂಡಕ್ಟರ್ ಆ ನಿಲ್ದಾಣಕ್ಕೆ ತಾನೇ ಹೊಸ ಹೆಸರಿಟ್ಟ. "ಹಣ್ಣಿನ ಗೋಡೆ! ಹಣ್ಣಿನ ಗೋಡೆ ಇಳಿಯೋರು ಬೇಗ ಇಳೀರಿ!"

ಇದು ಅಧ್ಯಕ್ಷರ ಕಿವಿಗೂ ಬಿತ್ತು. ಯಾರ ದೂರೋ ಏನೋ, ಒಂದು ಬೆಳಿಗ್ಗೆ ನಗರಸಭೆಯ ಇನ್ಸ್‌ಪೆಕ್ಟರ್ ಬಂದು ಗೋಡೆಯ ಕೆಳಗೆ ನಿಂತ.

"ಇಳೀರಿ ಕೆಳಗೆ," ಅಂದ.

"ನನ್ನ ಏಣಿ, ನನ್ನ ನೆಲ. ಯಾಕೆ ಇಳೀಲಿ?"

"ನೀವು ಕೂತಿರೋದು ನಿಮ್ಮ ನೆಲದಲ್ಲಿ. ಇವರೆಲ್ಲ ನಿಂತಿರೋದು ರಸ್ತೆ ಮೇಲೆ. ಮೊನ್ನೆ ಒಬ್ಬ ಮುದುಕ ಬುಟ್ಟಿ ನೋಡ್ಕೊಂಡು ಹಿಂದೆ ಸರಿದು ಬಸ್ಸಿನ ಕೆಳಗೆ ಹೋಗೋದರಲ್ಲಿದ್ದ, ಗೊತ್ತಾ ನಿಮಗೆ?"

ಅಕ್ಕನಿಗೆ ಗೊತ್ತಿರಲಿಲ್ಲ. ಕೆಳಗಿದ್ದವರ ಕಡೆ ನೋಡಿದಳು. ಅವರು ತಲೆ ತಗ್ಗಿಸಿದರು.

"ರಸ್ತೆ ಮೇಲೆ ವ್ಯಾಪಾರ ನಡೆಸೋ ಹಾಗಿಲ್ಲ," ಅಂದ ಅವನು. "ಜನ ನಿಮ್ಮ ನೆಲದ ಒಳಗೆ ಬಂದು ಕೊಂಡ್ರೆ ನಮ್ಮ ತಕರಾರಿಲ್ಲ."

"ಒಳಗೆ ಹೇಗೆ ಬರ್ತಾರೆ? ರೆಕ್ಕೆ ಕಟ್ಕೊಂಡಾ?"

"ಬಾಗಿಲು ಇಟ್ಕೊಳ್ಳಿ. ಈ ವಾರ ಕಳೆದ ಮೇಲೆ ಮತ್ತೆ ಬುಟ್ಟಿ ಇಳಿದ್ರೆ ಏಣಿ ಸಮೇತ ಎತ್ಕೊಂಡು ಹೋಗ್ತೀನಿ."

ಇಳಿದು ಬಂದವಳೇ ಅಕ್ಕ ಸಾಮಾನಿನ ಕೋಣೆಗೆ ಹೋಗಿ ಹಾರೆ ಹುಡುಕಿದಳು. ಆ ಮುದುಕನ ಮಾತು ಅವಳನ್ನು ಚುಚ್ಚಿತ್ತು. ಅಧ್ಯಕ್ಷರಿಗೆ ಸೋಲುವುದಿಲ್ಲ ಎಂಬ ಹಟದಲ್ಲಿ ತಾನು ಕೆಳಗೆ ನಿಂತವರ ಬೆನ್ನ ಹಿಂದೆ ಏನಿದೆಯೆಂದು ನೋಡಿರಲಿಲ್ಲ. ಹಾಗಂತ ಹಟ ಇಳಿಯಲಿಲ್ಲ. ಅದು ದಿಕ್ಕು ಬದಲಿಸಿತು, ಅಷ್ಟೇ.

ಮರುದಿನ ಬೆಳಿಗ್ಗೆ ಅವಳು ಹಾರೆ ಹಿಡಿದು ಗೋಡೆಯ ಬಳಿ ಹೋದಾಗ ಅಪ್ಪ ಅವಳಿಗಿಂತ ಮೊದಲೇ ಅಲ್ಲಿದ್ದ. ತನ್ನ ಮೂಲೆಯ ಕುರ್ಚಿಯನ್ನು ಹೊರಗೆ ತಂದು, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ.

"ಎದ್ದೇಳಪ್ಪ."

"ಏಳಲ್ಲ."

"ಸರಿ, ಅಲ್ಲೇ ಕೂತಿರು. ನಾನು ಆ ಕಡೆಯಿಂದ ಶುರು ಮಾಡ್ತೀನಿ."

ಅವಳು ನಾಲ್ಕು ಹೆಜ್ಜೆ ಆಚೆ ಹೋದಳು. ಅಪ್ಪ ಎದ್ದು ಕುರ್ಚಿಯನ್ನು ದರದರ ಎಳೆದುಕೊಂಡು ಬಂದು ಅಲ್ಲಿ ಕೂತ. ಅವಳು ಮತ್ತೆ ಸರಿದಳು. ಅವನು ಮತ್ತೆ ಎಳೆದ. ಪುಟ್ಟಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ತಮ್ಮ ಮಾತ್ರ ನಗಲಿಲ್ಲ. "ಅಕ್ಕ, ಬಿಟ್ಟುಬಿಡೇ. ಮಂಡಿಯವನು ಇವತ್ತು ಫೋನ್ ಮಾಡ್ತಾನೆ," ಅಂದ.

ಅಕ್ಕ ಹಾರೆಯನ್ನು ನೆಲಕ್ಕೂರಿ ಅಪ್ಪನ ಎದುರು ನಿಂತಳು.

"ಅಪ್ಪ, ನಾನು ಗಂಡನ ಮನೆ ಬಿಟ್ಟು ಬಂದ ದಿನ ನೀನು ಬಾಗಿಲು ತೆಗೆದೆ. ಯಾಕೆ ಬಂದೆ ಅಂತ ಕೇಳಲಿಲ್ಲ, ಜನ ಏನಂತಾರೆ ಅನ್ನಲಿಲ್ಲ. ಮೀನಮೇಷ ಎಣಿಸಲಿಲ್ಲ."

"ನೀನು ಮನೆ ಮಗಳು. ಬಾಗಿಲು ತೆಗೀದೆ ಇನ್ನೇನು?"

"ಆ ಗೇಟಿನ ಹತ್ತಿರ ಹಲಗೆ ಹಾಕ್ಕೊಂಡು ಕೂತಾಗ ನಾನು ಯಾರು ಅಂತ ನನಗೆ ಗೊತ್ತಾಯ್ತು. ಊರೆಲ್ಲ ಬಾದಾಮಿ ಅಕ್ಕ ಅಂತು. ಅಂಗಡಿ ಹೋದ್ರೆ ನಾನು ಗಂಡನ ಬಿಟ್ಟು ಬಂದವಳು, ಅಷ್ಟೇ. ತಮ್ಮ ಮಂಡಿಗೆ ಲೋಡು ಮಾಡಿಸ್ತಾನೆ, ನಾನು ಮೂಲೇಲಿ ಇನ್ನೊಂದು ಕುರ್ಚಿ ಹಾಕ್ಕೊಂಡು ಕೂರ್ತೀನಿ. ನಿನ್ನ ಪಕ್ಕದಲ್ಲೇ. ಆಗಬಹುದಾ?"

ಅಪ್ಪ ಕುರ್ಚಿಯಿಂದ ಏಳಲಿಲ್ಲ.

"ಆಗಲ್ಲ," ಅಂತ ತಾನೇ ಹೇಳಿ ಅಕ್ಕ, ಕುರ್ಚಿಯಿಂದ ದೂರ, ಅಂಜೂರದ ಕೊನೆಯ ಮರದ ಬಳಿ ಹೋಗಿ, ಎದೆಮಟ್ಟದಲ್ಲಿ ಎರಡು ಕಲ್ಲುಗಳ ಸಂದಿಗೆ ಹಾರೆ ತೂರಿಸಿ ಮೈಭಾರವೆಲ್ಲ ಹಾಕಿ ಮೀಟಿದಳು. ಗೋಡೆ ನರಳಿತು. ಕಲ್ಲೊಂದು ತುಸು ಹೊರಬಂತು.

"ಏಯ್! ಹಾರೆ ಕೆಳಗಿಡು!" ಅಪ್ಪನ ಕೂಗಿಗೆ ರಸ್ತೆಯಲ್ಲಿದ್ದವರೂ ಬೆಚ್ಚಿರಬೇಕು. "ನಡುವಿಂದ ಕೀಳ್ತೀಯಾ? ಮೇಲಿನದೆಲ್ಲ ಕಾಲ ಮೇಲೆ ಬೀಳುತ್ತೆ, ಕತ್ತೆ! ಯಾರು ಹೇಳಿಕೊಟ್ಟಿದ್ದು ನಿನಗೆ ಹೀಗೆ ಕೆಡವೋದು?"

"ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದವನು ಕುರ್ಚಿ ಬಿಟ್ಟು ಏಳ್ತಿಲ್ಲ."

ಅವನು ಎದ್ದ. ದಾಪುಗಾಲು ಹಾಕುವ ವಯಸ್ಸು ಎಂದೋ ಮುಗಿದಿತ್ತು, ಆದರೂ ಹಾಕಿಕೊಂಡೇ ಬಂದ. ಹಾರೆ ಕಿತ್ತುಕೊಂಡ. ಹೊರಬಂದ ಕಲ್ಲನ್ನು ಅಂಗೈಯಿಂದ ಒಳಗೆ ತಳ್ಳಿ, ಅದು ಕೂತಿತೇ ಎಂದು ಕಿವಿಗೊಟ್ಟು ಕೇಳಿದ. ಆ ಕಲ್ಲಿನ ಮೇಲೆ ಅವನ ಕೈ ಬಹಳ ಹೊತ್ತು ಇತ್ತು. ಅಕ್ಕ ಕಾದಳು. ಇಷ್ಟರ ಮೇಲೂ ಅವನು ಬೇಡವೆಂದರೆ ಏನು ಮಾಡುವುದೆಂದು ಅವಳಿಗೆ ಗೊತ್ತಿತ್ತು: ಸಾಮಾನಿನ ಕೋಣೆಯಲ್ಲಿ ಇನ್ನೊಂದು ಹಾರೆ ಇತ್ತು.

"ಕೆಡವೋಕೂ ಒಂದು ಕ್ರಮ ಇದೆ," ಅಂದ ಅಪ್ಪ ಕೊನೆಗೆ, ಗೋಡೆಗೇ ಹೇಳುವಂತೆ. "ಮೇಲಿನ ಸಾಲಿಂದ ಶುರು ಮಾಡಬೇಕು. ಕಲ್ಲು ಎಸೀಬಾರದು, ಇಳಿಸಬೇಕು. ಎರಡೂ ಕಡೆ ಹೊಸ ಮೂಲೆ ಕಟ್ಟಬೇಕು, ಇಲ್ಲದಿದ್ದರೆ ಮಳೆಗಾಲಕ್ಕೆ ಪೂರ್ತಿ ಮಲಗುತ್ತೆ." ಆಮೇಲೆ ಮಗಳ ಕಡೆ ತಿರುಗಿ ಬೆರಳು ತೋರಿಸಿದ. "ನಾನು ಒಪ್ಪಿಲ್ಲ."

"ಸರಿ."

"ಒಪ್ಪಿದ್ದೀನಿ ಅಂತ ಯಾರ ಹತ್ರಾನೂ ಹೇಳಬೇಡ."

"ಹೇಳಲ್ಲ."

"ಏನು ನೋಡ್ತಾ ನಿಂತಿದ್ದೀಯೋ?" ಅಂದ ಮಗನಿಗೆ. "ಏಣಿ ತಾ."

ತಮ್ಮ ಏಣಿ ತಂದ. ಅಪ್ಪ ಕೆಳಗೆ ನಿಂತು ಬೈದ. ತಮ್ಮ ಮೇಲೆ ನಿಂತು ಕಲ್ಲು ಬಿಡಿಸಿದ. ಅಕ್ಕ ಮತ್ತು ಪುಟ್ಟಿ ಕೈಯಿಂದ ಕೈಗೆ ಇಳಿಸಿಕೊಂಡು ಹುಲ್ಲಿನ ಮೇಲೆ ಸಾಲಾಗಿ ಇಟ್ಟರು. ಗೋಡೆಯ ನೆತ್ತಿ ತಗ್ಗಿ ರಸ್ತೆ ಕಾಣತೊಡಗಿದಾಗ, ಆಚೆ ಬಸ್ಸಿಗೆ ನಿಂತಿದ್ದವರು ಬಂದು ಇಣುಕಿದರು. ಬೇಕರಿಯವನು ಅಂಗಿಯ ತೋಳು ಮಡಿಸಿಕೊಂಡು ಆ ಬದಿಯಿಂದ ಕೈ ಕೊಟ್ಟ. ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ರಸ್ತೆಯ ಕಡೆಯವನು ಅವನ ಗೋಡೆಯ ಕಲ್ಲು ಮುಟ್ಟಿದ್ದ.

"ಅಂಚು ಹಿಡಿ, ಹೊಟ್ಟೆ ಹಿಡೀಬೇಡ," ಅಂದ. "ಬೆರಳು ಜಜ್ಜುತ್ತೆ."

ಆ ಮಧ್ಯೆ ತಮ್ಮನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಏಣಿಯ ಮೇಲೆ ನಿಂತೇ ತೆಗೆದ. ಎಲ್ಲರಿಗೂ ಅವನ ಕಡೆಯ ಮಾತು ಕೇಳುತ್ತಿತ್ತು. "ಹೌದು ಸ್ವಾಮಿ... ಲಾರಿ ಬೇಡ ಸ್ವಾಮಿ... ಇಲ್ಲ, ನಮ್ಮಕ್ಕ ಒಪ್ಪಲ್ಲ." ಕತ್ತು ಬಗ್ಗಿಸಿ ನೋಡಿದ. ಕೆಳಗೆ ಅಕ್ಕ ಕಲ್ಲಿಗೆ ಕೈ ಚಾಚಿ ನಿಂತಿದ್ದಳು. "ಇಲ್ಲ ಸ್ವಾಮಿ, ಅವಳ ಮೇಲೆ ಯಾಕೆ ಹಾಕಲಿ. ನಾನೂ ಒಪ್ಪಲ್ಲ," ಅಂದು ಫೋನಿಟ್ಟ. ಕಿವಿ ಕೆಂಪಗಾಗಿತ್ತು. ಅಕ್ಕ ಅವನನ್ನು ಹೊಗಳಲಿಲ್ಲ. "ಕಲ್ಲು ಕೊಡೋ, ಕೈ ನೋಯ್ತಿದೆ," ಅಂದಳಷ್ಟೇ.

ವಾರ ಕಳೆಯುವುದರೊಳಗೆ ಎರಡು ಗಾಡಿ ಅಕ್ಕಪಕ್ಕ ಬರುವಷ್ಟು ಅಗಲದ ಬಾಗಿಲು ಬಾಯ್ದೆರೆದಿತ್ತು. ಎರಡೂ ಬದಿಯ ಮೂಲೆಗಳನ್ನು ಅಪ್ಪ ತಾನೇ ಕಟ್ಟಿದ. ಕೂತು, ಎದ್ದು, ಬೆನ್ನು ಹಿಡಿದುಕೊಂಡು, ಸಹಾಯಕ್ಕೆ ಬಂದವರನ್ನೆಲ್ಲ ಓಡಿಸಿ ಕಟ್ಟಿದ. ಉಳಿದ ಕಲ್ಲುಗಳಿಂದ ಒಳಗೆ ಉದ್ದನೆಯ ಕಟ್ಟೆಯೆದ್ದಿತು, ಬುಟ್ಟಿಗಳಿಗೆ ಜಾಗವಾಯಿತು. ಇನ್ಸ್‌ಪೆಕ್ಟರ್ ಬಂದು, ಗಾಡಿಗಳು ರಸ್ತೆ ಬಿಟ್ಟು ಒಳಗೆ ನಿಲ್ಲುವುದನ್ನು ನೋಡಿ, ಗೋಡೆಯ ಮೂಲೆಯನ್ನು ತಟ್ಟಿ, "ಗಟ್ಟಿ ಇದೆ" ಅಂದು ಹೋದ. ಮುಟ್ಟಿದ್ದು ಅಪ್ಪನಿಗೆ ಹಿಡಿಸಲಿಲ್ಲ.

ಓಣಿಯ ಕಡೆಯ ಹಳೆಯ ಗೇಟಿಗೆ ಅಕ್ಕ ಒಳಗಿನಿಂದ ಬೀಗ ಹಾಕಿದಳು.

ಬಾದಾಮಿ ಸಿಪ್ಪೆ ಬಿರಿದು, ಅಕ್ರೋಟು ಉದುರಲು ಶುರುವಾದ ಕಾಲಕ್ಕೆ, ಒಂದು ಸಂಜೆ ಆ ಗೇಟಿನಾಚೆ ಅಧ್ಯಕ್ಷರು ಬಂದು ನಿಂತರು. ಹಿಂದೆ ಬಡಾವಣೆಯ ನಾಲ್ಕಾರು ಮಂದಿ, ಕೈಯಲ್ಲಿ ಚೀಲಗಳು. ಹುರಿದ ಬಾದಾಮಿಯ ವಾಸನೆಗೆ ಅಡ್ಡಗಂಬ ಯಾರೂ ಹಾಕಿರಲಿಲ್ಲ.

"ನಮ್ಮ ಮನೆಯವರೆಲ್ಲ ಕೇಳ್ತಿದ್ದಾರಮ್ಮ," ಅಂದರು ಅಧ್ಯಕ್ಷರು, ಎಂದಿನ ನಯದಲ್ಲಿ. "ಆ ಬಸ್ ರಸ್ತೆಗೆ ಸುತ್ತಿ ಬರೋದು ಬಹಳ ದೂರ. ನಮಗೆ ಮಾತ್ರ ಈ ಗೇಟು ತೆಗೆದುಕೊಟ್ರೆ ಅನುಕೂಲ. ಅಕ್ಕಪಕ್ಕದವರಲ್ವಾ ನಾವು."

"ನಮಗೆ ಮಾತ್ರ ಅನ್ನೋ ಗೇಟು ನಮ್ಮಲ್ಲಿಲ್ಲ ಸಾರ್."

"ನೀವಿನ್ನೂ ಸಿಟ್ಟಲ್ಲಿದ್ದೀರಿ."

"ಹೌದು, ಇದ್ದೀನಿ," ಅಂದಳು ಅಕ್ಕ. "ಆದ್ರೆ ಸಿಟ್ಟಿಗೆ ಹಣ್ಣು ಮಾರೋದು ನಿಲ್ಲಿಸಲ್ಲ. ಬಾಗಿಲು ಎಲ್ಲರಿಗೂ ಒಂದೇ, ಆ ಕಡೆಯದು. ಕತ್ತಲಾಗೋ ತನಕ ತೆಗೆದಿರ್ತೀವಿ. ಸುತ್ತಿಕೊಂಡು ಬನ್ನಿ."

ಅವರು ಗೊಣಗುತ್ತಾ ತಿರುಗಿದರು. ಒಬ್ಬಿಬ್ಬರು ಮನೆಗೆ ಹೋದರು. ಉಳಿದವರು ಸುತ್ತಿಕೊಂಡು ಬಂದರು. ಅಧ್ಯಕ್ಷರೂ ಬಂದರು, ಬೂಟಿನ ಮೇಲೆಲ್ಲ ರಸ್ತೆಯ ಧೂಳು ಹೊತ್ತು. ಸಾಲಿನಲ್ಲಿ ಅವರ ಮುಂದೆ ಡ್ಯೂಟಿ ಮುಗಿಸಿದ ಕಂಡಕ್ಟರ್ ಇದ್ದ, ಅವನ ಮುಂದೆ ಟೀಚರಮ್ಮ ಅಕ್ರೋಟುಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸಿ ಆರಿಸುತ್ತಿದ್ದಳು. ಯಾರೂ ಅಧ್ಯಕ್ಷರಿಗೆ ಜಾಗ ಬಿಡಲಿಲ್ಲ, ಅಕ್ಕನೂ ಬಿಡಿ ಅನ್ನಲಿಲ್ಲ. ಅವರ ಸರದಿ ಬಂದಾಗ ತಕ್ಕಡಿಯ ತಟ್ಟೆ ಒರೆಸಿ, ಎಲ್ಲರನ್ನೂ ಕೇಳುವ ದನಿಯಲ್ಲೇ ಕೇಳಿದಳು:

"ಏನು ಕೊಡ್ಲಿ?"